ಯಂತ್ರಕ್ಕೆ ಅನುವಾದ ಕಲಿಸಿದವರು

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಬಂಡೆ ಶಾಸನ ಇದೆ. ಅಲ್ಲೇ ಆಸುಪಾಸಿನ ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲೂ ಅದರ ಪ್ರತಿಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಪತ್ತೆ ಮಾಡಿದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಕಳಿಸಿದ ಆದೇಶ ಅದು. ಮೊದಲು ಆರೋಗ್ಯ ವಿಚಾರಿಸುತ್ತಾರೆ. ಆಮೇಲೆ ವಿಷಯಕ್ಕೆ ಬರುತ್ತಾರೆ. ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇಡಿ, ಸತ್ಯ ಹೇಳಿ, ಗುರುವಿಗೆ ಮರ್ಯಾದೆ ಕೊಡಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಬರೆದವನ ಹೆಸರಿದೆ. ಚಪಡ. ತಾನು ಲಿಪಿಕಾರ ಅನ್ನುವುದನ್ನು ಮಾತ್ರ ಅವನು ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ ಲಿಪಿ, ದೇಶದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿತ್ತು. ಅಷ್ಟು ದೂರದ ಕಡೆಯ ಬರಹ ಕಲಿತವನೊಬ್ಬ ನಮ್ಮ ಸೀಮೆಯ ಬಂಡೆ ಮುಂದೆ ಕೂತು ಬರೆದಿದ್ದಾನೆ.

ಆ ಕಾಲದಲ್ಲಿ ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ, ಹೊಲ ಉಳುತ್ತಿದ್ದವರಿಗೆ ಪ್ರಾಕೃತ ಬರುತ್ತಿತ್ತು ಅಂತ ನಂಬುವುದು ಕಷ್ಟ. ಓದು ಬರಹವಂತೂ ದೂರದ ಮಾತು. ಹಾಗಿದ್ದರೆ ಆ ಆದೇಶ ಜನರಿಗೆ ತಲುಪಿದ್ದು ಹೇಗೆ? ಯಾರೋ ಒಬ್ಬರು ಎದ್ದು ನಿಂತು ಊರಿನ ಮಾತಿನಲ್ಲಿ ಹೇಳಿರಲೇಬೇಕು, ಅಲ್ವಾ? ಬರೆಸಿದವರು ಯಾರು ಅಂತ ಗೊತ್ತು, ಬರೆದವನ ಹೆಸರೂ ಗೊತ್ತು. ತಿಳಿಸಿ ಹೇಳಿದವರ ಹೆಸರು ಎಲ್ಲೂ ಇಲ್ಲ. ನನ್ನ ಮಟ್ಟಿಗೆ ನಮ್ಮ ಸೀಮೆಯ ಮೊದಲ ಅನುವಾದಕರು ಅವರೇ. ಇದೇ ಅಶೋಕನ ಮಾತು ಅಫ್ಘಾನಿಸ್ತಾನದ ಕಂದಹಾರಿನಲ್ಲಿ ಗ್ರೀಕ್ ಮತ್ತು ಅರಾಮಿಕ್ ಎರಡರಲ್ಲೂ ಒಂದೇ ಬಂಡೆ ಮೇಲೆ ಸಿಕ್ಕಿದೆ. ಅಲ್ಲಿ ಅನುವಾದ ಕಲ್ಲಿನ ಮೇಲೆ ಉಳಿಯಿತು. ಇಲ್ಲಿ ಬಾಯಲ್ಲೇ ಆಗಿ ಬಾಯಲ್ಲೇ ಹೋಯಿತು.

ದಾವಣಗೆರೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಕಾಗದಪತ್ರ ಅನುವಾದ ಮಾಡುವುದೇ ನನ್ನ ಹೊಟ್ಟೆಪಾಡು. ಕ್ರಯಪತ್ರ, ನೋಟಿಸು, ಬೀಜ ಗೊಬ್ಬರದ ಕಂಪನಿಗಳ ಕರಪತ್ರ, ಆಸ್ಪತ್ರೆಯ ಒಪ್ಪಿಗೆ ಪತ್ರ, ಸರ್ವೆ ಮಾಡುವವರ ಪ್ರಶ್ನೆಪಟ್ಟಿ, ಹೀಗೆ. ಈಚೆಗೆ ಬರುವವರಲ್ಲಿ ಜಾಸ್ತಿ ಜನ ಅನುವಾದ ಮಾಡಿಸಿಕೊಂಡೇ ಬರುತ್ತಾರೆ. ಮೊಬೈಲಲ್ಲಿ ಹಾಕಿ ತೆಗೆದ ಕನ್ನಡ ಪುಟ ಮುಂದಿಟ್ಟು, "ಎಲ್ಲಾ ಆಗಿದೆ ಸರ್, ಸುಮ್ನೆ ಒಂದು ಸಲ ಕಣ್ಣಾಡಿಸಿ ಕೊಡಿ, ಅರ್ಧ ರೇಟು ಹಾಕಿ" ಅನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣು ಮುಚ್ಚಿ ಬಿಡುವುದರೊಳಗೆ ಹತ್ತು ಪುಟ ಕನ್ನಡವಾಗುವುದನ್ನು ನೋಡಿದವರು ಹಾಗೆ ಅಂದುಕೊಳ್ಳುವುದು ಸಹಜ. ಆದರೆ ಆ ಯಂತ್ರಕ್ಕೆ ಕನ್ನಡ ಎಲ್ಲಿಂದ ಬಂತು ಅನ್ನುವುದನ್ನು ಯಾರೂ ಕೇಳುವುದಿಲ್ಲ. ನನಗೆ ಹೇಳಬೇಕಾಗಿರುವುದೇ ಅದು.

ಅನುವಾದ ಅಂದರೆ ಒಬ್ಬರು ಮೂಲೆಯಲ್ಲಿ ಕೂತು ಮಾಡುವ ಕೆಲಸ ಅಂತ ನಮ್ಮ ಕಲ್ಪನೆ. ಚರಿತ್ರೆ ನೋಡಿದರೆ ದೊಡ್ಡ ದೊಡ್ಡ ಅನುವಾದಗಳೆಲ್ಲ ಹತ್ತಾರು ಜನ ಕೂಡಿ ಮಾಡಿದವು. ಕ್ರಿ.ಶ. 401ರಲ್ಲಿ ಚೀನಾದ ಚಾಂಗಾನ್ ತಲುಪಿದ ಕುಮಾರಜೀವ ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದದ್ದು ದೊಡ್ಡ ಸಭೆಯಲ್ಲಿ ಕೂತು. ಅವನು ಹೇಳುವುದು, ಉಳಿದವರು ಬರೆದುಕೊಳ್ಳುವುದು, ಪ್ರಶ್ನೆ ಕೇಳುವುದು, ತಿದ್ದುವುದು. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್ಹಾಕ್ ಗ್ರೀಕ್ ವೈದ್ಯ ಗ್ಯಾಲೆನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದ. ಒಂದೇ ಗ್ರಂಥದ ಹಲವು ಪ್ರತಿ ಹುಡುಕಿ, ಹೋಲಿಸಿ, ಪಾಠ ಸರಿಮಾಡಿಕೊಂಡು ಆಮೇಲೆ ಕೈ ಹಚ್ಚುತ್ತಿದ್ದ. ಅವನು ಬರೆದ ಒಂದು ಪತ್ರ ಉಳಿದಿದೆ. ಗ್ಯಾಲೆನನ ಯಾವ ಪುಸ್ತಕವನ್ನು ಯಾರು ಅನುವಾದಿಸಿದರು, ಯಾರಿಗೋಸ್ಕರ, ಅದು ಹೇಗೆ ಬಂದಿದೆ ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಹನ್ನೊಂದು ನೂರು ವರ್ಷದ ಹಿಂದೆಯೇ ಅನುವಾದಕರ ಲೆಕ್ಕ ಇಟ್ಟವನು ಅವನು. ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ.

ನಮ್ಮಲ್ಲಿ ದಾರಿ ಬೇರೆ ಇತ್ತು. ಪಂಪ 941ರ ಹೊತ್ತಿಗೆ ವ್ಯಾಸರ ಭಾರತವನ್ನು ಕನ್ನಡಕ್ಕೆ ತಂದಾಗ ಸಾಲಿಗೆ ಸಾಲು ಇಡಲಿಲ್ಲ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನ ಜಾಗದಲ್ಲಿ ನಿಲ್ಲಿಸಿ ಹೊಸ ಕಾವ್ಯವನ್ನೇ ಕಟ್ಟಿದ. 1031ರಲ್ಲಿ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅಷ್ಟರಲ್ಲಿ ಅದೇ ಪಂಚತಂತ್ರ ಬೇರೆ ಕವಲಿನಲ್ಲಿ 6ನೇ ಶತಮಾನದಲ್ಲಿ ಪಹ್ಲವಿ ಅನ್ನುವ ಹಿಂದಿನ ಕಾಲದ ಪರ್ಷಿಯನ್ನಿಗೆ, 8ನೇ ಶತಮಾನದಲ್ಲಿ ಅರಬ್ಬಿಗೆ ಹೋಗಿಯಾಗಿತ್ತು. ಅಲ್ಲಿಂದ ಮುಂದೆ ಯುರೋಪಿನ ಭಾಷೆಗಳಿಗೂ ಹೋಯಿತು. ನರಿ, ಸಿಂಹ, ಎತ್ತಿನ ಕಥೆ ದೇಶ ದೇಶ ಸುತ್ತಿದ್ದು ಅನುವಾದಕರ ಹೆಗಲ ಮೇಲೆ ಕೂತು. ಅಚ್ಚಿನ ಯಂತ್ರ ಬಂದ ಮೇಲೆ ಮಿಷನರಿಗಳು ಬೈಬಲ್ ತಂದರು, ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಬಿ. ವೆಂಕಟಾಚಾರ್ಯರು ಬಂಗಾಳಿ ಕಾದಂಬರಿಗಳನ್ನು, ಗಳಗನಾಥರು ಮರಾಠಿಯವನ್ನು ಕನ್ನಡಕ್ಕೆ ತಂದು ನಮ್ಮ ಮುತ್ತಜ್ಜಂದಿರಿಗೆ ಓದುವ ಹುಚ್ಚು ಹಿಡಿಸಿದರು. ಅದನ್ನೆಲ್ಲ ಬರೆಯಲು ಹೋದರೆ ಬೇರೆಯೇ ಲೇಖನವಾಗುತ್ತದೆ.

ಯಂತ್ರದ ಕಥೆಗೆ ಬರೋಣ. ಎರಡನೇ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸಲು ಯಂತ್ರಗಳು ಬಂದಿದ್ದವು. ಅದನ್ನು ಕಂಡ ಅಮೆರಿಕದ ಗಣಿತಜ್ಞ ವಾರನ್ ವೀವರ್ 1949ರಲ್ಲಿ ಒಂದು ಟಿಪ್ಪಣಿ ಬರೆದರು. ರಷ್ಯನ್ ಬರಹವನ್ನು ಗುಪ್ತ ಲಿಪಿಯಲ್ಲಿ ಬರೆದ ಇಂಗ್ಲಿಷ್ ಅಂತಲೇ ಇಟ್ಟುಕೊಂಡು ಬಿಡಿಸಿದರೆ ಹೇಗೆ ಅನ್ನುವುದು ಅವರ ಯೋಚನೆ. ಐದು ವರ್ಷದಲ್ಲಿ, 1954ರ ಜನವರಿಯಲ್ಲಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ಕೊಟ್ಟರು. 250 ಪದ, 6 ನಿಯಮ, ಅರವತ್ತಕ್ಕೂ ಹೆಚ್ಚು ರಷ್ಯನ್ ವಾಕ್ಯ. ಪತ್ರಿಕೆಗಳೆಲ್ಲ ಬರೆದವು. ಇನ್ನು ಮೂರರಿಂದ ಐದು ವರ್ಷ, ಅಷ್ಟರಲ್ಲಿ ಯಂತ್ರವೇ ಅನುವಾದ ಮಾಡುತ್ತದೆ ಅಂದರು. ಆ ವಾಕ್ಯಗಳೆಲ್ಲ ಮೊದಲೇ ಆರಿಸಿ ಇಟ್ಟವು. ಹೊರಗಿನ ಭಾಷೆ ಹಾಗಿರುವುದಿಲ್ಲ. 1966ರಲ್ಲಿ ಅಮೆರಿಕ ಸರ್ಕಾರ ನೇಮಿಸಿದ್ದ ಸಮಿತಿ ವರದಿ ಕೊಟ್ಟಿತು. ಯಂತ್ರದ ಅನುವಾದ ಮನುಷ್ಯರದ್ದಕ್ಕಿಂತ ನಿಧಾನ, ತಪ್ಪು ಜಾಸ್ತಿ, ಖರ್ಚು ದುಪ್ಪಟ್ಟು ಅಂತ ಅದರಲ್ಲಿತ್ತು. ದುಡ್ಡು ನಿಂತಿತು. ಸಂಶೋಧನೆಯೂ ಬಹಳ ವರ್ಷ ಕುಂಟಿತು.

ಆಗ ಎಲ್ಲರೂ ಹಿಡಿದಿದ್ದ ದಾರಿ ಒಂದೇ. ವ್ಯಾಕರಣದ ನಿಯಮಗಳನ್ನು ಯಂತ್ರಕ್ಕೆ ಕಲಿಸುವುದು. ನಮ್ಮ ದೇಶದಲ್ಲಿ ಈ ದಾರಿಯಲ್ಲಿ ನಡೆದ ಒಂದು ಪ್ರಯತ್ನ ನನಗೆ ಬಹಳ ಇಷ್ಟ. ಐಐಟಿ ಕಾನ್ಪುರದಲ್ಲಿ ಶುರುವಾಗಿ ಆಮೇಲೆ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಬೆಳೆದ 'ಅನುಸಾರಕ'. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಅದರ ಹಿಂದಿದ್ದವರು. ಪಾಣಿನಿಯ ಕಾರಕಗಳನ್ನು, ಅಂದರೆ ವಾಕ್ಯದಲ್ಲಿ ಕ್ರಿಯಾಪದಕ್ಕೂ ನಾಮಪದಗಳಿಗೂ ಇರುವ ಸಂಬಂಧಗಳನ್ನು, ಬುಡದಲ್ಲಿಟ್ಟುಕೊಂಡು ಭಾರತದ ಭಾಷೆಗಳಿಂದ ಹಿಂದಿಗೆ ತರುವ ಕೆಲಸ, ಅದರಲ್ಲಿ ಕನ್ನಡವೂ ಇತ್ತು. ಬರುವ ಹಿಂದಿ ಚೆಂದ ಇಲ್ಲದಿದ್ದರೂ ಪರವಾಗಿಲ್ಲ, ಮೂಲದಲ್ಲಿ ಇದ್ದದ್ದು ಬಿಟ್ಟುಹೋಗಬಾರದು, ಇಲ್ಲದ್ದು ಸೇರಬಾರದು ಅನ್ನುವುದು ಅವರ ಹಟ. ನಮ್ಮ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯ ತರಳಬಾಳು ಜಗದ್ಗುರು ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಕಂಪ್ಯೂಟರಿಗೆ ಅಳವಡಿಸಿ 'ಗಣಕಾಷ್ಟಾಧ್ಯಾಯೀ' ತಂತ್ರಾಂಶ ರೂಪಿಸಿದ್ದಾರೆ. ಅದು ಅನುವಾದದ ಯಂತ್ರ ಅಲ್ಲ. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದಿನ ವ್ಯಾಕರಣ ಎಷ್ಟು ಅಚ್ಚುಕಟ್ಟಾಗಿ ಯಂತ್ರದ ಲೆಕ್ಕಕ್ಕೆ ಒಗ್ಗುತ್ತದೆ ಅಂತ ತೋರಿಸಿದ್ದು ನಮ್ಮ ಪಕ್ಕದ ಊರಿನಲ್ಲೇ ಅನ್ನುವುದು ಹೆಮ್ಮೆಯ ವಿಷಯ.

ಗೆದ್ದದ್ದು ಮಾತ್ರ ನಿಯಮದ ದಾರಿ ಅಲ್ಲ. ಕೆನಡಾದ ಸಂಸತ್ತಿನಲ್ಲಿ ಆಡಿದ ಪ್ರತಿ ಮಾತೂ ಇಂಗ್ಲಿಷ್ ಮತ್ತು ಫ್ರೆಂಚ್ ಎರಡರಲ್ಲೂ ಅಚ್ಚಾಗುತ್ತದೆ. ಅದಕ್ಕೆಂದೇ ಅನುವಾದಕರಿದ್ದಾರೆ. 1980ರ ದಶಕದ ಕೊನೆಯಲ್ಲಿ ಐಬಿಎಂನ ಒಂದು ತಂಡ ಆ ಕಡತಗಳನ್ನು ತೆಗೆದುಕೊಂಡು, ಲಕ್ಷಾಂತರ ವಾಕ್ಯಗಳನ್ನು ಜೋಡಿ ಜೋಡಿಯಾಗಿ ಕಂಪ್ಯೂಟರಿಗೆ ಕೊಟ್ಟಿತು. ಯಾವ ನಿಯಮವನ್ನೂ ಹೇಳಿಕೊಡಲಿಲ್ಲ. ಈ ಮಾತಿನ ಎದುರು ಆ ಮಾತು ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹಾಕಿ ಯಂತ್ರ ತಾನೇ ಊಹೆ ಮಾಡಲು ಕಲಿಯಿತು. 2006ರಲ್ಲಿ ಬಂದ ಗೂಗಲ್ ಟ್ರಾನ್ಸ್‌ಲೇಟ್ ಕೂಡ ಮೊದಲು ನಡೆದದ್ದು ಇದೇ ದಾರಿಯಲ್ಲಿ. 2011ರಲ್ಲಿ ಕನ್ನಡ ಅದರೊಳಗೆ ಸೇರಿತು. 2016ರಿಂದ ನರಜಾಲದ (ನ್ಯೂರಲ್ ನೆಟ್‌ವರ್ಕ್) ವಿಧಾನ ಬಂತು, ಮರುವರ್ಷ ಕನ್ನಡಕ್ಕೂ ಬಂತು. ಬಿಡಿ ಬಿಡಿ ತುಂಡುಗಳನ್ನು ಜೋಡಿಸುವ ಬದಲು ಇಡೀ ವಾಕ್ಯವನ್ನು ಒಟ್ಟಿಗೆ ನೋಡುವ ವಿಧಾನ ಇದು. ಅಲ್ಲಿಂದ ಮುಂದೆ ಯಂತ್ರದ ಕನ್ನಡ ಓದುವ ಹಾಗಾಯಿತು.

ವಿಧಾನ ಯಾವುದೇ ಇರಲಿ, ಮೇವು ಒಂದೇ. ಹಿಂದೆ ಯಾರೋ ಮಾಡಿಟ್ಟ ಅನುವಾದ. ಕನ್ನಡಕ್ಕೆ ಕೆನಡಾ ಸಂಸತ್ತಿನಂಥ ಕಣಜ ಇರಲಿಲ್ಲ. ಸರ್ಕಾರದ ವಾರ್ತಾ ಶಾಖೆಯವರ ಪ್ರಕಟಣೆಗಳು, ಬೈಬಲ್, ಅಂತರ್ಜಾಲದಲ್ಲಿ ಎರಡೂ ಭಾಷೆಯಲ್ಲಿ ಸಿಕ್ಕಿದ ಸುದ್ದಿ, ಇಂಥವನ್ನು ಹೆಕ್ಕಿ ಹೆಕ್ಕಿ ಕೂಡಿಸಬೇಕಾಯಿತು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳಿಗೂ ಅನುವಾದದ ಮಾದರಿ, ಅಂದರೆ ಅನುವಾದ ಕಲಿತ ತಂತ್ರಾಂಶ, ಕಟ್ಟಿತು. ಆಗ ಹೆಕ್ಕಿದ್ದು ಸಾಲದು ಅಂತ ಅನುವಾದಕರನ್ನು ಕೂರಿಸಿ ಲಕ್ಷಗಟ್ಟಲೆ ವಾಕ್ಯಗಳನ್ನು ಹೊಸದಾಗಿ ಅನುವಾದ ಮಾಡಿಸಿತು. ಕೇಂದ್ರ ಸರ್ಕಾರದ 'ಭಾಷಿಣಿ'ಯಂಥ ಯೋಜನೆಗಳಿಗೂ ಇಂಥ ಮಾದರಿಗಳೇ ಬೆನ್ನೆಲುಬು. ಗುಮಾಸ್ತರು, ಉಪಸಂಪಾದಕರು, ಪಾದ್ರಿಗಳು, ಮೇಷ್ಟ್ರುಗಳು, ದಿನಗೂಲಿಗೆ ಪುಟ ಮಾಡಿಕೊಟ್ಟವರು, ಎಲ್ಲರ ಬೆವರೂ ಆ ಯಂತ್ರದೊಳಗಿದೆ. ಆದರೆ ಹುನೈನನ ಪತ್ರದಂಥದ್ದು ಮಾತ್ರ ಇಲ್ಲ. ಯಾವ ಸಾಲು ಯಾರಿಂದ ಬಂತು ಅಂತ ಕೇಳಿದರೆ ಅದು ಹೇಳಲಾರದು.

ಹೋದ ಮಳೆಗಾಲದಲ್ಲಿ ಬಂದ ಒಂದು ಕರಪತ್ರದ ವಿಷಯ ಹೇಳುತ್ತೇನೆ. ಮೆಕ್ಕೆಜೋಳಕ್ಕೆ ಹೊಡೆಯುವ ಕೀಟನಾಶಕದ್ದು. ಕಂಪನಿಯ ಹುಡುಗ ಇಂಗ್ಲಿಷ್ ಪುಟ, ಯಂತ್ರದ ಕನ್ನಡ ಪುಟ ಎರಡನ್ನೂ ತಂದಿದ್ದ. ಕನ್ನಡ ಓದಿದೆ. ನಿಜಕ್ಕೂ ಚೆನ್ನಾಗಿತ್ತು. ಕಾಗುಣಿತ ಸರಿ, ವಿಭಕ್ತಿ ಸರಿ, ಒಂದು ಲೀಟರ್ ನೀರಿಗೆ ಎಷ್ಟು ಮಿಲಿ ಅನ್ನುವುದೂ ಸರಿ. ಮುಕ್ಕಾಲು ಪುಟ ದಾಟಿದ ಮೇಲೆ ಒಂದು ಸಾಲು. ಕೃಷಿ ಅಧಿಕಾರಿ ಹೇಳದೆ ಬೇರೆ ಔಷಧಿ ಜೊತೆ ಬೆರೆಸಬಾರದು, ಜೇನುಹುಳು ಹಾರಾಡುವ ಹೊತ್ತಿನಲ್ಲಿ, ಗಾಳಿ ಜೋರಿದ್ದಾಗ ಸಿಂಪಡಿಸಬಾರದು ಅಂತ ಇಂಗ್ಲಿಷಿನಲ್ಲಿತ್ತು. ಯಂತ್ರದ ಕನ್ನಡದಲ್ಲಿ ಬೆರೆಸಬಾರದು ಅನ್ನುವುದು ಉಳಿದಿತ್ತು. ಅದರ ಮುಂದೆ, "ಜೇನುನೊಣಗಳು ಹಾರಾಡುವಾಗ ಮತ್ತು ಗಾಳಿ ಹೆಚ್ಚಿದ್ದಾಗ ಸಿಂಪಡಿಸಿ" ಅಂತ ಆಗಿತ್ತು.

ಯಾಕೆ ಹೀಗಾಯಿತು ಅಂತ ಊಹಿಸಬಹುದು. ಇಂಗ್ಲಿಷಿನಲ್ಲಿ 'ಕೂಡದು' ಅನ್ನುವುದನ್ನು ವಾಕ್ಯದ ಮೊದಲಲ್ಲಿ ಒಂದು ಸಲ ಹೇಳಿದರೆ ಮುಂದಿನ ಎಲ್ಲದಕ್ಕೂ ಅದು ಹರಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಪ್ರತಿ ಮಾತಿನ ಬಾಲಕ್ಕೂ ಅದನ್ನು ಮತ್ತೆ ಮತ್ತೆ ಕಟ್ಟಬೇಕು. ಉದ್ದನೆಯ ವಾಕ್ಯದಲ್ಲಿ ಒಂದು ಕಡೆ ಬಿಟ್ಟುಹೋದರೆ ಮುಗಿಯಿತು. ನನ್ನನ್ನು ಕಾಡಿದ್ದು ತಪ್ಪಲ್ಲ, ತಪ್ಪು ಇದ್ದ ರೀತಿ. ಮೊದಲಿನ ಯಂತ್ರಗಳ ಕನ್ನಡ ಮುರುಕು ಮುರುಕಾಗಿರುತ್ತಿತ್ತು. ನೋಡಿದ ತಕ್ಷಣ ಇದನ್ನು ನಂಬಬಾರದು ಅಂತ ಗೊತ್ತಾಗುತ್ತಿತ್ತು. ಈಗಿನದ್ದು ಹಾಗಲ್ಲ. ಸರಾಗವಾಗಿ ಹರಿಯುವ ಕನ್ನಡದ ನಡುವೆ ತಪ್ಪು ಆರಾಮಾಗಿ ಕೂತಿರುತ್ತದೆ. ಜಗಳೂರಿನ ರೈತರೊಬ್ಬರು ಆ ಕಾಗದ ಓದಿದರೆ ಅನುಮಾನ ಪಡಲು ಅಲ್ಲಿ ಏನೂ ಇಲ್ಲ. ಮೂಲದ ಪಕ್ಕ ಇಟ್ಟು ಸಾಲು ಸಾಲು ನೋಡಿದವರಿಗೆ ಮಾತ್ರ ಕಾಣುತ್ತದೆ. ಅದು ಕಣ್ಣಾಡಿಸುವ ಕೆಲಸ ಅಲ್ಲ, ಅನುವಾದದಷ್ಟೇ ಹೊತ್ತು ಹಿಡಿಯುವ ಕೆಲಸ. ನಮ್ಮ ಕಡೆ ಇದಕ್ಕೆ ಇನ್ನೂ ಸರಿಯಾದ ರೇಟು ಹುಟ್ಟಿಲ್ಲ. ಹುಟ್ಟಲೇಬೇಕು. ಆ ಹುಡುಗನಿಗೆ ಎರಡು ಪುಟವನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅರ್ಧ ರೇಟಿನ ಮಾತನ್ನು ಅವನೇ ಬಿಟ್ಟ.

ಸುಪ್ರೀಂ ಕೋರ್ಟು 2019ರಲ್ಲಿ 'ಸುವಾಸ್' ಅನ್ನುವ ಅನುವಾದದ ತಂತ್ರಾಂಶ ತಂದಿತು. ತೀರ್ಪುಗಳನ್ನು ಕನ್ನಡವೂ ಸೇರಿ ನಮ್ಮ ಭಾಷೆಗಳಿಗೆ ತರಲು. ಅಲ್ಲೂ ಯಂತ್ರ ಕೊಟ್ಟದ್ದನ್ನು ಮನುಷ್ಯರು ನೋಡಿ ಸರಿಪಡಿಸುತ್ತಾರೆ. ಸರಿಯಾದ ಕ್ರಮ ಅದು. ಔಷಧಿ, ಕೀಟನಾಶಕ, ಬೆಳೆ ವಿಮೆಯ ಕಾಗದಗಳಿಗೂ ಅದೇ ಕ್ರಮ ಬೇಕು, ನೋಡಿದವರ ಹೆಸರು ಕೆಳಗೆ ಅಚ್ಚಾಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೆಸರು ಹಾಕಿದವರು ಎರಡು ಸಲ ನೋಡುತ್ತಾರೆ. ಕಥೆ ಕಾದಂಬರಿಯವರು ಈ ಮರ್ಯಾದೆಯನ್ನು ಈಗ ಪಡೆಯುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ, ಬಹುಮಾನದ 50,000 ಪೌಂಡ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲಾಯಿತು. ಆ ಸುದ್ದಿ ಓದಿದ ದಿನ ಬಹಳ ಖುಷಿಪಟ್ಟೆ. ಕರಪತ್ರ ಮಾಡುವವರಿಗೆ ಪಾಲು ಬೇಡ, ಹೆಸರಾದರೂ ಇರಲಿ.

ಇಷ್ಟೆಲ್ಲ ಹೇಳಿದ್ದು ಕನ್ನಡದ ಬಗ್ಗೆ. 2011ರ ಜನಗಣತಿ ಪ್ರಕಾರ ಕನ್ನಡ ಮಾತೃಭಾಷೆಯವರು 4 ಕೋಟಿ 37 ಲಕ್ಷ. ನಮಗೆ ಪತ್ರಿಕೆ ಇದೆ, ಸರ್ಕಾರ ಇದೆ, ಸಾವಿರ ವರ್ಷಕ್ಕೂ ಹೆಚ್ಚಿನ ಸಾಹಿತ್ಯ ಇದೆ. ಆದರೆ ದಾವಣಗೆರೆ, ಚಿತ್ರದುರ್ಗದ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ನಮ್ಮ ನ್ಯಾಮತಿ ತಾಲೂಕಿನಲ್ಲೇ ಇದೆ. ಅದೇ ಜನಗಣತಿಯಲ್ಲಿ ಲಮಾಣಿ, ಲಂಬಾಡಿ ಅಂತ ಬರೆಸಿದವರೇ ದೇಶದಲ್ಲಿ 32 ಲಕ್ಷಕ್ಕೂ ಜಾಸ್ತಿ. ಅವರನ್ನು ಲೆಕ್ಕದಲ್ಲಿ ಸೇರಿಸಿದ್ದು ಹಿಂದಿಯ ಕೆಳಗೆ. ಆ ಭಾಷೆಗೆ ತನ್ನದೇ ಲಿಪಿ ಇಲ್ಲ. ಇಲ್ಲಿಯವರು ಕನ್ನಡದಲ್ಲಿ, ತೆಲಂಗಾಣದವರು ತೆಲುಗಿನಲ್ಲಿ, ಮಹಾರಾಷ್ಟ್ರದವರು ದೇವನಾಗರಿಯಲ್ಲಿ ಬರೆಯುತ್ತಾರೆ. ಬರೆದದ್ದೇ ಕಡಿಮೆ, ಇರುವಷ್ಟೂ ಮೂರು ಕಡೆ ಚದುರಿದೆ. 2024ರಲ್ಲಿ ಗೂಗಲ್ 110 ಹೊಸ ಭಾಷೆ ಸೇರಿಸಿದಾಗ ತುಳು ಬಂತು, ಸಂತಾಲಿ ಬಂತು. ಲಂಬಾಣಿ ಬರಲಿಲ್ಲ. ಯಂತ್ರಕ್ಕೆ ಭೇದಭಾವ ಅಂತಲ್ಲ. ತಿನ್ನಲು ಅಲ್ಲಿ ಏನೂ ಇಲ್ಲ, ಅಷ್ಟೇ.

ಹಾಗಂತ ಆ ಭಾಷೆಯಲ್ಲಿ ಅನುವಾದ ನಡೆಯುತ್ತಿಲ್ಲವೇ? ದಿನಾ ನಡೆಯುತ್ತಿದೆ. ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನೇ ಕೂತು ನೋಡಿದ್ದೇನೆ. ತಾಂಡಾದ ಅಜ್ಜಿಯೊಬ್ಬರನ್ನು ಆಶಾ ಕಾರ್ಯಕರ್ತೆ ಕರೆದುಕೊಂಡು ಬಂದಿದ್ದರು. ಡಾಕ್ಟರು, "ಹೊಟ್ಟೆನೋವು ಯಾವಾಗಿಂದ ಅಮ್ಮಾ?" ಅಂದರು. ಆಶಾ ಅದನ್ನು ಲಂಬಾಣಿಯಲ್ಲಿ ಕೇಳಿದರು. ಅಜ್ಜಿ ತುಂಬಾ ಹೊತ್ತು ಮಾತಾಡಿದರು, ಸೊಸೆ ವಿಷಯ, ಕೂಲಿ ವಿಷಯ ಎಲ್ಲ ಬಂತು. ಆಶಾ ನಡುವೆ ತಡೆದು ಏನೋ ಕೇಳಿದರು. ಮತ್ತೆ ಇನ್ನೊಂದು ಕೇಳಿದರು. ಆಮೇಲೆ ಡಾಕ್ಟರ ಕಡೆ ತಿರುಗಿ ಹೇಳಿದರು: "ಎಂಟು ದಿನದಿಂದ ಸರ್. ಉಂಡ ಮೇಲೆ ಜಾಸ್ತಿ. ಮೆಡಿಕಲ್ ಶಾಪಿಂದ ಮೊಣಕಾಲು ನೋವಿನ ಮಾತ್ರೆ ತರಿಸಿ ನುಂಗ್ತಾ ಇದಾರೆ, ಅದನ್ನ ಅವರು ಹೇಳಿರಲಿಲ್ಲ, ನಾನೇ ಕೇಳಿದೆ." ಡಾಕ್ಟರು ಪೆನ್ನು ಕೆಳಗಿಟ್ಟು, ಆ ಮಾತ್ರೆಯ ಹಾಳೆ ಇದ್ದರೆ ತೋರಿಸಿ ಅಂದರು. ಅಜ್ಜಿಯ ಚೀಲದಲ್ಲೇ ಇತ್ತು.

ಆ ಎರಡು ಪ್ರಶ್ನೆಗಳನ್ನು ಕೇಳಿದ್ದು ಅನುವಾದದ ಭಾಗವೇ. ಆಶಾ ಆಡಿದ ಮಾತು ಎಲ್ಲೂ ದಾಖಲಾಗಲಿಲ್ಲ. ಅವರ ಗೌರವಧನದಲ್ಲಿ ಈ ಕೆಲಸಕ್ಕೆ ಅಂತ ಏನೂ ಇಲ್ಲ. ಇಂಥ ಮಾತುಕತೆಗಳಲ್ಲಿ ಒಂದಿಷ್ಟನ್ನಾದರೂ ಎರಡೂ ಭಾಷೆಯಲ್ಲಿ ಬರೆದಿಟ್ಟರೆ, ಮುಂದೆ ಒಂದು ದಿನ ರಾತ್ರಿ ಹೊತ್ತು ಆಶಾ ಇಲ್ಲದಿದ್ದಾಗ, ಮೊಬೈಲಾದರೂ ಅಜ್ಜಿಯ ಮಾತನ್ನು ಡಾಕ್ಟರಿಗೆ ಮುಟ್ಟಿಸೀತು. ಯಂತ್ರವನ್ನು ನಾನು ಬೇಡ ಅನ್ನುವುದಿಲ್ಲ. ಅದಕ್ಕೆ ಕಲಿಸುವವರು ಮೊದಲು ಬೇಕು, ಅವರಿಗೆ ಕೂಲಿ ಸಿಗಬೇಕು ಅನ್ನುತ್ತೇನೆ.

ಲಂಬಾಣಿ ಮನೆಮಾತಿನ ಇಬ್ಬರು ಗೆಳೆಯರ ಜೊತೆ ಸೇರಿ ಒಂದು ನೋಟ್‌ಬುಕ್ಕಿನಲ್ಲಿ ಇದನ್ನು ಶುರು ಮಾಡಿದ್ದೇವೆ. ಎಡಗಡೆ ಕನ್ನಡ, ಬಲಗಡೆ ಕನ್ನಡ ಲಿಪಿಯಲ್ಲೇ ಲಂಬಾಣಿ. ಆರೋಗ್ಯ ಕೇಂದ್ರದಲ್ಲಿ ಆಡುವ ಮಾತುಗಳಷ್ಟೇ ಸದ್ಯಕ್ಕೆ. ಎಲ್ಲಿ ನೋವು, ಯಾವಾಗಿಂದ, ಏನು ಉಂಡಿರಿ, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ. ಬರೆಯುವ ರೀತಿಯ ಬಗ್ಗೆ ಗೆಳೆಯರಿಬ್ಬರಲ್ಲೇ ಜಗಳ ಆಗುತ್ತದೆ. ಒಬ್ಬರದು ಚನ್ನಗಿರಿ ಕಡೆಯ ತಾಂಡಾ, ಇನ್ನೊಬ್ಬರದು ಹೊಳಲ್ಕೆರೆ ಕಡೆಯದು. ಎರಡು ರೀತಿಯನ್ನೂ ಬರೆದು, ಪಕ್ಕದಲ್ಲಿ ತಾಂಡಾದ ಹೆಸರು ಹಾಕುತ್ತಿದ್ದೇವೆ. ಜ್ವರ, ಹೊಟ್ಟೆನೋವು, ಮೈಕೈ ನೋವಿನ ಮಾತುಗಳು ಮುಗಿದಿವೆ. ಇನ್ನು ಬಸುರಿ ಬಾಣಂತಿಯರದ್ದು ಬರೆಯಬೇಕು. ಅದು ನಮ್ಮ ಕೈಲಿ ಆಗುವ ಕೆಲಸ ಅಲ್ಲ. ತಾಂಡಾದ ಹಿರಿಯ ಹೆಣ್ಣುಮಕ್ಕಳು ಹೇಳಬೇಕು, ಹೆಣ್ಣುಮಕ್ಕಳೇ ಕೂತು ಬರೆದುಕೊಳ್ಳಬೇಕು. ಓದುವವರಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ.